ಸೋಪಿನ ನೀರಿನ ಬೆನ್ನು ಹತ್ತಿ: ನನ್ನ ಅನುಭವ

ಎಂ.ಟೆಕ್ ಪ್ರಾಜೆಕ್ಟಿಗೆ ನಾನು ಹಿಡಿದದ್ದು ನಮ್ಮ ಹಾಸ್ಟೆಲ್‌ನ ಬೂದು ನೀರು. ಅಂದರೆ ಸ್ನಾನ ಮಾಡಿದ, ಬಟ್ಟೆ ಒಗೆದ ನೀರು. ಟಾಯ್ಲೆಟ್ಟಿನದು ಇದರಲ್ಲಿ ಸೇರುವುದಿಲ್ಲ. ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತಾಳೆ. ಒಂದು ಸಲ ಮೈಮೇಲೆ ಬಿದ್ದರೆ ಮುಗೀತು, ಮೋರಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕೆಮಿಕಲ್ ಎಂಜಿನಿಯರ್ ಕೈ ಮೊದಲು ಹೋಗುವುದು ಆಲಂ (ನೀರನ್ನು ತಿಳಿಯಾಗಿಸುವ ಪಟಿಕದಂಥ ಪುಡಿ) ಡಬ್ಬಿಗೇ. ಆಲಂ ಹಾಕಿದ ನೀರನ್ನು ಬೀಕರ್‌ನಲ್ಲಿ ಕಲಕಿ ನೋಡುವ ಜಾರ್ ಟೆಸ್ಟ್‌ನಲ್ಲಿ 1 ನಿಮಿಷ ಜೋರಾಗಿ, ಆಮೇಲೆ 20 ನಿಮಿಷ ನಿಧಾನವಾಗಿ ಕಲಕಿದೆ. ಮೊದಮೊದಲು ಏನೂ ಕಾಣುವುದಿಲ್ಲ. ನಂತರ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಗಂಟು ಕಟ್ಟಿ ತಳ ಸೇರುತ್ತದೆ. ಮೇಲೆ ನಿಂತ ನೀರು ತಿಳಿ. ಗೈಡ್ ಸರ್ ಬೀಕರ್ ಎತ್ತಿ ನೋಡಿ, "ಕಣ್ಣಿಗೆ ಚೆನ್ನಾಗಿದೆಯಪ್ಪಾ, ಡಿಟರ್ಜೆಂಟ್ ಎಷ್ಟು ಉಳಿದಿದೆ?" ಎಂದರು.

ಅದನ್ನು ನೋಡಲು ಮೆಥಿಲೀನ್ ಬ್ಲೂ ಪರೀಕ್ಷೆ ಇದೆ. ನೀರಿಗೆ ಆ ಬಣ್ಣವನ್ನೂ ಕ್ಲೋರೋಫಾರ್ಮನ್ನೂ ಸೇರಿಸಿ ಫನಲ್‌ನಲ್ಲಿ ಕುಲುಕಬೇಕು. ಡಿಟರ್ಜೆಂಟ್ ಇದ್ದಷ್ಟೂ ನೀಲಿ ಕೆಳಗಿನ ಕ್ಲೋರೋಫಾರ್ಮ್ ಪದರಕ್ಕೆ ಇಳಿಯುತ್ತದೆ. ನನ್ನ ತಿಳಿ ನೀರಿನಲ್ಲೂ ಕಡು ನೀಲಿಯೇ ಇಳಿಯಿತು. ಆಲಂ ಕೊಳೆಯನ್ನು ಹಿಡಿಯುತ್ತದೆ, ಕರಗಿದ್ದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮೇಲಾಗಿ ತಳದ ಕೆಸರನ್ನು ಎಲ್ಲಿ ಸುರಿಯುವುದು?

ಹಾಗಾಗಿ ಜಲ್ಲಿ ಹಾಸಿಗೆಗೆ ಹೊರಳಿದೆ, ಅಂದರೆ ಕೊಳೆ ನೀರು ಹಾಯಿಸಿ ಶುದ್ಧ ಮಾಡುವ, ಗಿಡ ನೆಟ್ಟ ಜಲ್ಲಿಯ ಪಾತಿ. ಮೇಲೆ ಕಾಬಾಳೆ, ಲಾವಂಚ. ಗಿಡಗಳೇ ನೀರು ತೊಳೆಯುತ್ತವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಕೆಲಸ ಮಾಡುವುದು ಜಲ್ಲಿಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ. ನಾವು ಬಳಸುವ ಡಿಟರ್ಜೆಂಟನ್ನು ಅವು ಚೆನ್ನಾಗಿಯೇ ತಿನ್ನುತ್ತವೆ, ಆದರೆ ಗಾಳಿ ಇದ್ದರೆ ಮಾತ್ರ. ಹಾಸಿಗೆಯಲ್ಲಿ ಸದಾ ನೀರು ನಿಂತಿದ್ದರೆ ಉಸಿರು ಕಟ್ಟುತ್ತದೆ. ಅದಕ್ಕೇ ಒಂದು ಸೈಫನ್ ಕೂರಿಸಿದೆ. ಸಣ್ಣ ತೊಟ್ಟಿ ತುಂಬಿದಾಗ ಗಳಗಳ ಅಂತ ಒಮ್ಮೆಲೇ ಹಾಸಿಗೆಗೆ ಖಾಲಿಯಾಗುತ್ತದೆ. ನೀರು ಕೆಳಗಿಳಿದಂತೆ ಹಿಂದೆಯೇ ಗಾಳಿ ಒಳಗೆ ಹೋಗುತ್ತದೆ. ಕರೆಂಟ್ ಬೇಡ, ಮೋಟರ್ ಬೇಡ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಫನಲ್‌ನ ನೀಲಿಯೂ ತೆಳುವಾಗುತ್ತಾ ಬಂತು.

ಇನ್ನೊಂದು ಮಾತು. ಬೂದು ನೀರನ್ನು ಕೂಡಿಡಬಾರದು. ಒಂದು ದಿನ ಡ್ರಮ್‌ನಲ್ಲಿ ಬಿಟ್ಟರೆ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತದೆ. ಬೆಳಗಿನ ನೀರು ಬೆಳಗ್ಗೆಯೇ ಹಾಸಿಗೆ ಸೇರಬೇಕು.

ಇಷ್ಟೆಲ್ಲಾ ಮಾಡಿದರೂ ಸೋಡಿಯಂ ಹಾಗೇ ಉಳಿಯಿತು. ಬಟ್ಟೆ ಪುಡಿಯಲ್ಲಿ ವಾಷಿಂಗ್ ಸೋಡಾ ಜಾಸ್ತಿ. ಅದರ ಸೋಡಿಯಂ ಆಲಂಗೂ ಬಗ್ಗುವುದಿಲ್ಲ, ಬ್ಯಾಕ್ಟೀರಿಯಾಕ್ಕೂ ಬಗ್ಗುವುದಿಲ್ಲ. ತೋಟಕ್ಕೆ ಬಿಡುತ್ತಾ ಹೋದರೆ ಜೇಡಿಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. ಕರಲು ಭೂಮಿ ಕಂಡ ರೈತರಿಗೆ ಇದು ಗೊತ್ತು, ಜಿಪ್ಸಂ ಹಾಕಿ ಸರಿಮಾಡಿಕೊಳ್ಳಲು ಒದ್ದಾಡುತ್ತಾರೆ. ಇದನ್ನು ತಡೆಯಬೇಕಾದದ್ದು ಬಕೆಟ್‌ನಲ್ಲೇ, ಫಿಲ್ಟರ್‌ನಲ್ಲಲ್ಲ. ಪುಡಿ ಬಿಟ್ಟು ಲಿಕ್ವಿಡ್ ಬಳಸಿ ಎಂದು ಹುಡುಗರಿಗೆ ಹೇಳಿದೆ. ಕೆಲವರು ಬದಲಾಯಿಸಿದರು, ಉಳಿದವರು ರೇಟ್ ಕೇಳಿ ನಕ್ಕರು. ಕೊನೆಗೆ ಸ್ನಾನದ ನೀರನ್ನು ಗಿಡಗಳಿಗೆ ಬಿಟ್ಟು, ಬಟ್ಟೆ ನೀರಿಗೆ ಬೇರೆ ಹಾಸಿಗೆ ಮಾಡಿ, ಕ್ಲೋರಿನ್ ಹಾಕಿ ಫ್ಲಶ್‌ಗೆ ತಿರುಗಿಸಿದೆವು. ಕಮೋಡಿಗೆ ಸೋಡಿಯಂ ಇದ್ದರೇನು, ಬಿಟ್ಟರೇನು!