ಬಿಕ್ಕಳಿಕೆಗೆ ಜೀರಿಗೆ ನೀರು ಸಾಕಾಗಲಿಲ್ಲ

ನಾನು ಕಾಸರಗೋಡಿನ ಪೆರ್ಲ ಕಡೆ ಮನೆ ಮನೆಗೆ ಹೋಗಿ ದೊಡ್ಡ ಕಾಯಿಲೆಯವರನ್ನು ಆರೈಕೆ ಮಾಡುವ ಪಾಲಿಯೇಟಿವ್ ನರ್ಸ್. ಡ್ರೆಸ್ಸಿಂಗ್, ಟ್ಯೂಬ್ ಎಲ್ಲ ದಿನಾ ಇರುವ ಕೆಲಸ. ಹೈಪೆಕ್, ಅಂದರೆ ಆಪರೇಷನ್ ವೇಳೆ ಹೊಟ್ಟೆಯೊಳಗೇ ಬಿಸಿ ಕೀಮೋ ಮದ್ದು ಹಾಯಿಸುವ ಚಿಕಿತ್ಸೆ, ಆಗಿ ಬಂದವರನ್ನು ನೋಡಿಕೊಂಡದ್ದು ಮಾತ್ರ ಅದೇ ಮೊದಲು.

ಆ ರೋಗಿ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿತ್ತು. ಮಂಗಳೂರಿನಲ್ಲಿ ಆಪರೇಷನ್. ಗಡ್ಡೆಗಳ ಜೊತೆ ಗುಲ್ಮವನ್ನೂ (ಸ್ಪ್ಲೀನ್) ತೆಗೆದು, 42 ಡಿಗ್ರಿ ಬಿಸಿಯ ಕೀಮೋ ಮದ್ದನ್ನು ಒಂದೂವರೆ ಗಂಟೆ ಹೊಟ್ಟೆಯೊಳಗೇ ತಿರುಗಿಸಿದ್ದರಂತೆ. ಗುಲ್ಮ ತೆಗೆಯುವಾಗ ಪಕ್ಕದ ಪ್ಯಾಂಕ್ರಿಯಾಸಿನ ತುದಿಗೆ ಪೆಟ್ಟಾದರೆ ಅದರ ರಸ ಸೋರುತ್ತದೆ. ಇವರಿಗೂ ಸೋರಿತ್ತು. ಹಾಗಾಗಿ ಎಡಗಡೆ ಆ ರಸ ಹೊರಗೆ ಹರಿಯಲು ಒಂದು ಡ್ರೇನ್ ಟ್ಯೂಬ್ ಇಟ್ಟೇ ಮನೆಗೆ ಕಳಿಸಿದ್ದರು.

ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ನಮ್ಮ ರಿಜಿಸ್ಟರ್ ಮಲಯಾಳದಲ್ಲಿ. ಮನೆಯವರಿಗೆ ಸಲೀಸಾಗಿ ಓದಲು ಬರುವುದು ಕನ್ನಡ. ಮಗಳ ಹಳೇ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟೆ: ಜ್ವರ, ನಾಡಿ, ಮೂತ್ರ, ಡ್ರೇನಿನ ನೀರು ಎಷ್ಟು, ಬಣ್ಣ ಹೇಗೆ. ಭಾವ ಚೆನ್ನಾಗಿ ಬರೆದರು. "ತಿಳಿ ಚಾ, 90." "ಗಂಜಿ ತಿಳಿ, 80." ಅಳತೆ ಎಂಎಲ್‌ನಲ್ಲಿ. ಡಾಕ್ಟರ ಚೀಟಿಗಿಂತ ನನಗೆ ಇದೇ ಜಾಸ್ತಿ ಅರ್ಥವಾಗುತ್ತಿತ್ತು.

ಬಂದುಹೋಗುವವರನ್ನು ತಡೆಯುವುದೇ ಕಷ್ಟ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ ಅಂದರೆ, "ನಮಗೇನೂ ಶೀತ ಇಲ್ಲಪ್ಪ" ಅನ್ನುತ್ತಾರೆ.

19ನೇ ದಿನ ಬಿಕ್ಕಳಿಕೆ ಶುರುವಾಯಿತು. "ಯಾರೋ ನೆನೆಸ್ತಿದ್ದಾರೆ" ಎಂದು ಅತ್ತೆ ನಕ್ಕು ಜೀರಿಗೆ ನೀರು ಕುಡಿಸಿದರು. ಫೋನಿನಲ್ಲಿ ಕೇಳಿ ನಾನೂ ಸುಮ್ಮನಾದೆ. ಅದು ನನ್ನದೇ ತಪ್ಪು.

ಮರುದಿನ ಹೋದರೆ ಇನ್ನೂ ನಿಂತಿಲ್ಲ. ಅಕ್ಕ ಎಡ ಭುಜ ಒತ್ತಿಕೊಳ್ಳುತ್ತಿದ್ದರು. ಜ್ವರ 101, ನಾಡಿ 118. ನೋಟ್‌ಬುಕ್ಕಿನಲ್ಲಿ 80 ಇದ್ದದ್ದು ಒಮ್ಮೆಲೇ 10ಕ್ಕೆ ಇಳಿದಿತ್ತು.

"ಕಮ್ಮಿ ಆಗ್ತಾ ಉಂಟು, ಒಳ್ಳೇದಲ್ವಾ?" ಎಂದರು ಭಾವ.

ನಿಧಾನಕ್ಕೆ ಇಳಿದರೆ ಒಳ್ಳೆಯದೇ. ತಟ್ಟನೆ ನಿಂತು ಜ್ವರ ಏರಿದರೆ ಟ್ಯೂಬ್ ಕಟ್ಟಿಕೊಂಡಿದೆ, ನೀರು ಒಳಗೇ ತುಂಬುತ್ತಿದೆ ಅಂತಲೇ ಅನುಮಾನ ಪಡಬೇಕು. ಬೆಳಕಿಗೆ ಹಿಡಿದು ನೋಡಿದೆ. ಟ್ಯೂಬಿನೊಳಗೆ ಹಾಲಿನ ಕೆನೆಯಂಥ ಎಳೆ ಸಿಕ್ಕಿಕೊಂಡಿತ್ತು. ಸಿರಿಂಜ್ ಹಾಕಿ ಬಿಡಿಸೋಣವೇ ಅನ್ನಿಸಿತು. ಒಳಗೇನಿದೆ ಗೊತ್ತಿಲ್ಲದೆ ನೀರು ನೂಕುವುದು ಬೇಡ ಎಂದು ಮುಟ್ಟಲಿಲ್ಲ. ಕಾರು ತರಿಸಿದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ 2020ರಲ್ಲಿ ಕೋವಿಡ್ ಹೊತ್ತಿಗೆ ಇದೇ ಗಡಿ ಮುಚ್ಚಿದ್ದು ನೆನಪಾಗಿ ಎದೆ ಹೊಡೆದುಕೊಂಡಿತು.

ಸಿಟಿ ಸ್ಕ್ಯಾನಿನಲ್ಲಿ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗೆ ಕೀವು ಕಂಡಿತು. ವಪೆ ಕೆರಳಿ ಬಿಕ್ಕಳಿಕೆ. ಅದರ ನರ ಕುತ್ತಿಗೆಯಿಂದ ಬರುವುದರಿಂದ ನೋವು ಭುಜದಲ್ಲಿ. ಸ್ಕ್ಯಾನ್ ನೋಡಿಕೊಂಡೇ ಹೊಸ ಟ್ಯೂಬ್ ತೂರಿಸಿದರು, ಹೊಟ್ಟೆ ಮತ್ತೆ ಕೊಯ್ಯಬೇಕಾಗಲಿಲ್ಲ. ಭಾವನ ಬರಹ ಮುಂದುವರಿಯಿತು: "ಗದ್ದೆ ಕೆಸರು, 150."

ಗುಲ್ಮ ಇಲ್ಲದವರಿಗೆ ಹಾಕಬೇಕಾದ ನ್ಯುಮೋನಿಯಾ ಲಸಿಕೆಯ ಚೀಟಿಯನ್ನು ಅದೇ ನೋಟ್‌ಬುಕ್ಕಿನ ಕೊನೆ ಪುಟಕ್ಕೆ ಪಿನ್ ಮಾಡಿಟ್ಟಿದ್ದೇನೆ.