ಜ್ವರದ ಫಿಟ್ಸ್: ಥೀಸಿಸ್‌ಗೆ ಲೆಕ್ಕ ಹಾಕುವುದು ಹೇಗೆ?

ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ಐದು ನಿಮಿಷದಲ್ಲಿ ನಿಂತೂ ಹೋಯಿತು. ಆಮೇಲೆ ತಾಯಿ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಇದು ಮುಂದೆ ಮೂರ್ಛೆರೋಗ ಆಗುತ್ತಾ?" ಯಾವ ಸ್ಕ್ಯಾನ್ ಮಾಡಿಸಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ತುಂಬಾ ಮಕ್ಕಳನ್ನು ವರ್ಷಗಟ್ಟಲೆ ನೋಡಿ ಲೆಕ್ಕ ಇಟ್ಟವರಿಗೆ ಮಾತ್ರ ಸಿಗುತ್ತದೆ. ಮಕ್ಕಳ ವಿಭಾಗದಲ್ಲಿ ಪಿ.ಜಿ. ಮಾಡುತ್ತಾ ಇಂಥದ್ದೇ ವಿಷಯ ಹಿಡಿದವರಿಗಾಗಿ ಈ ಲೇಖನ.

1. ಯಾರನ್ನು ಎಣಿಸುತ್ತೀರಿ?

ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಇಲ್ಲಿ ತಪ್ಪಿದರೆ ಮುಂದೆ ಯಾವ ಸೂತ್ರವೂ ಕೈಹಿಡಿಯುವುದಿಲ್ಲ.

ಅಮೆರಿಕದ ಮಕ್ಕಳ ನರರೋಗ ತಜ್ಞೆ ಕರಿನ್ ನೆಲ್ಸನ್ ಮತ್ತು ಸಂಖ್ಯಾಶಾಸ್ತ್ರಜ್ಞ ಜೋನಸ್ ಎಲೆನ್‌ಬರ್ಗ್ 1980ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರು. ಆಸ್ಪತ್ರೆಗೆ ಬಂದ ಮಕ್ಕಳನ್ನಷ್ಟೇ ಎಣಿಸಿದ ಕಡೆ, ಮುಂದೆ ಜ್ವರವಿಲ್ಲದೆ ಫಿಟ್ಸ್ ಬಂದವರ ಪ್ರಮಾಣ ಒಂದೊಂದರಲ್ಲಿ ಒಂದೊಂದು. ಒಂದು ಕಡೆ ಶೇ 3ಕ್ಕಿಂತ ಕಡಿಮೆ, ಇನ್ನೊಂದು ಕಡೆ ಶೇ 75ನ್ನೂ ಮೀರಿತ್ತು! ಒಂದು ಊರಿನ ಅಥವಾ ಒಂದು ಗುಂಪಿನ ಎಲ್ಲ ಮಕ್ಕಳನ್ನೂ ಎಣಿಸಿದ ಕಡೆ ಅದು ಶೇ 5ರ ಒಳಗೇ ಇತ್ತು.

ಯಾಕೆ ಹೀಗೆ? ಸಲೀಸಾದ ಫಿಟ್ಸ್ ಬಂದ ಮಗು ಹತ್ತಿರದ ಕ್ಲಿನಿಕ್‌ನಿಂದಲೇ ಮನೆಗೆ ಹೋಗುತ್ತದೆ. ಅರ್ಧ ಗಂಟೆ ಫಿಟ್ಸ್ ಬಂದ ಮಗು, ಮೊದಲೇ ಬೆಳವಣಿಗೆ ಹಿಂದಿದ್ದ ಮಗು ದೊಡ್ಡಾಸ್ಪತ್ರೆಗೆ ಬರುತ್ತದೆ. ಅಲ್ಲಿ ಕೂತು ಎಣಿಸಿದರೆ ಕಷ್ಟದ ಕೇಸುಗಳೇ ಕಣ್ಣಿಗೆ ಬೀಳುತ್ತವೆ, ಅಲ್ವಾ?

ಅವರಿಬ್ಬರ ಸ್ವಂತ ಅಧ್ಯಯನ ಗಟ್ಟಿಯಾಗಿದ್ದಕ್ಕೆ ಕಾರಣವೂ ಇದೇ. ಅದರ ಮಕ್ಕಳು ಬಂದದ್ದು ಸುಮಾರು 54 ಸಾವಿರ ಬಸಿರುಗಳನ್ನು ಹಿಂಬಾಲಿಸಿದ ಒಂದು ದೊಡ್ಡ ಯೋಜನೆಯಿಂದ. ತಾಯಂದಿರು ಬಸುರಿಯರಾಗಿದ್ದಾಗಲೇ ಹೆಸರು ಬರೆಸಿದ್ದರು. ಫಿಟ್ಸ್ ಬರುತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ಮಕ್ಕಳಲ್ಲಿ 1,706 ಮಂದಿಗೆ ಜ್ವರದ ಫಿಟ್ಸ್ ಬಂತು. ಅವರನ್ನು 7 ವರ್ಷದವರೆಗೆ ನೋಡಿದರು. ಮೂರ್ಛೆರೋಗ ಬಂದದ್ದು ಸುಮಾರು ಶೇ 2 ಮಕ್ಕಳಿಗೆ.

ನಿಮಗೆ ಅಷ್ಟು ದೊಡ್ಡ ಗುಂಪು ಸಿಗದಿರಬಹುದು. ಆಗ ಮಕ್ಕಳು ಎಲ್ಲಿಂದ ಬಂದರು, ಎಷ್ಟು ಮಂದಿಯನ್ನು ಯಾಕೆ ಬಿಟ್ಟಿರಿ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ.

2. ಅರ್ಥ ಮೊದಲೇ ಗೊತ್ತುಮಾಡಿ

ಜ್ವರದ ಫಿಟ್ಸ್ ಅನ್ನಬೇಕಾದರೆ ಮಗುವಿನ ವಯಸ್ಸು 6 ತಿಂಗಳಿಂದ 5 ವರ್ಷ. ಮಿದುಳಿನ ಸೋಂಕು ಇರಬಾರದು. 15 ನಿಮಿಷದೊಳಗೆ ನಿಂತು, ಇಡೀ ಮೈಗೆ ಬಂದು, 24 ಗಂಟೆಯಲ್ಲಿ ಒಂದೇ ಸಲ ಬಂದರೆ ಸರಳ ಫಿಟ್ಸ್. ಇದರಲ್ಲಿ ಒಂದು ತಪ್ಪಿದರೂ ಜಟಿಲ. ಕೇಸ್ ಶೀಟ್ ತೆರೆಯುವ ಮೊದಲೇ ಇದನ್ನು ಬರೆದಿಡಿ.

3. ಒಂದು ಮಗುವಿಗೆ ಒಂದು ಸಾಲು

40 ಮಕ್ಕಳಿಗೆ ಒಟ್ಟು 100 ಸಲ ಫಿಟ್ಸ್ ಬಂದಿದ್ದರೆ ನಿಮ್ಮ ಎಣಿಕೆ 40, 100 ಅಲ್ಲ. ಒಂದೇ ಮಗುವಿನ ಐದು ಫಿಟ್ಸ್ ಒಂದರ ಹಾಗೆ ಇನ್ನೊಂದು ಇರುತ್ತವೆ. ಅವನ್ನು ಐದು ಮಕ್ಕಳು ಅಂತ ಎಣಿಸಿದರೆ ಪಿ ವ್ಯಾಲ್ಯೂ (ಬರೀ ಆಕಸ್ಮಿಕವಾಗಿದ್ದರೆ ಇಂಥ ಫಲಿತಾಂಶ ಸಿಗುವ ಸಾಧ್ಯತೆ) ಸುಮ್ನೆ ಚಿಕ್ಕದಾಗಿ ಕಾಣುತ್ತದೆ.

4. ಶೇಕಡಾ ಜೊತೆ ಅಂಚನ್ನೂ ಬರೆಯಿರಿ

1,706ರಲ್ಲಿ ಶೇ 2 ಅಂದರೆ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಅಂಚುಗಳು, ಸುಮಾರು ಶೇ 1.3ರಿಂದ 2.7. ಅದೇ 50 ಮಕ್ಕಳಲ್ಲಿ ಒಬ್ಬರಿಗೆ ಬಂದರೂ ಶೇ 2. ಆದರೆ ಇಲ್ಲಿ ಮೇಲಿನ ಅಂಚು ಶೇ 10ನ್ನೂ ದಾಟುತ್ತದೆ. 30 ಮಕ್ಕಳಲ್ಲಿ ಯಾರಿಗೂ ಬರಲಿಲ್ಲ ಅಂದರೆ? ಯಾರಿಗೂ ಬಾರದಿದ್ದಾಗ ಮೇಲಿನ ಅಂಚಿಗೆ ಒಂದು ಸುಲಭ ಸೂತ್ರವಿದೆ: 3ನ್ನು ಮಕ್ಕಳ ಸಂಖ್ಯೆಯಿಂದ, ಇಲ್ಲಿ 30ರಿಂದ, ಭಾಗಿಸಿ. ನಿಜವಾದ ಪ್ರಮಾಣ ಶೇ 10ರಷ್ಟೂ ಇರಬಹುದು. "ಅಪಾಯವೇ ಇಲ್ಲ" ಅಂತ ದಯವಿಟ್ಟು ಬರೆಯಬೇಡಿ.

5. ಎಷ್ಟು ದಿನ ನೋಡಿದಿರಿ?

ಜ್ವರದ ಫಿಟ್ಸ್ ಮತ್ತೆ ಬರುತ್ತದೆಯೇ ಅನ್ನುವುದು ವಿಷಯವಾದರೆ ಕಾಲ ಮುಖ್ಯ. ಒಂದು ಮಗು ಎರಡು ವರ್ಷ ಬಂದಿದೆ, ಇನ್ನೊಂದು ಆರು ತಿಂಗಳಿಗೇ ಊರು ಬಿಟ್ಟಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಪ್ಲಾನ್–ಮಯರ್ ವಿಧಾನ ಬಳಸಿ; ಕಾಲ ಕಳೆದಂತೆ ಎಷ್ಟು ಮಕ್ಕಳಿಗೆ ಮತ್ತೆ ಬಂತು ಅನ್ನುವುದನ್ನು ಅದು ಗೆರೆಯಾಗಿ ತೋರಿಸುತ್ತದೆ. ಊರು ಬಿಟ್ಟ ಮಗುವೂ ತಾನು ಇದ್ದ ಆರು ತಿಂಗಳ ಮಟ್ಟಿಗೆ ಲೆಕ್ಕಕ್ಕೆ ಸೇರುತ್ತದೆ. ಮೊದಲ ಫಿಟ್ಸ್ ಬಂದ ವಯಸ್ಸಿನ ಪ್ರಕಾರ ಗೆರೆಗಳನ್ನು ಬೇರೆ ಬೇರೆ ಎಳೆಯಿರಿ. ವರ್ಷ ತುಂಬುವ ಮೊದಲೇ ಬಂದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮತ್ತೆ ಬರುತ್ತದೆ, ಆಮೇಲೆ ಬಂದವರಲ್ಲಿ ಸುಮಾರು ಶೇ 30ಕ್ಕೆ.

6. ಕಾರಣಗಳನ್ನು ಗುಡ್ಡೆ ಹಾಕಬೇಡಿ

ಯಾವ ಯಾವ ಅಂಶಕ್ಕೂ ರೋಗಕ್ಕೂ ಎಷ್ಟು ನಂಟು ಅಂತ ಒಟ್ಟಿಗೆ ಲೆಕ್ಕ ಹಾಕುವ ಲಾಜಿಸ್ಟಿಕ್ ರಿಗ್ರೆಶನ್‌ಗೆ ಸಾಫ್ಟ್‌ವೇರ್ ಎಷ್ಟು ಅಂಶ ಕೊಟ್ಟರೂ ನುಂಗುತ್ತದೆ. ಒಂದು ಅಂಶಕ್ಕೆ ಕನಿಷ್ಠ 10 ರೋಗಿಗಳಾದರೂ ಇರಲಿ ಅನ್ನುವುದು ರೂಢಿಯ ಅಳತೆ. ಇಲ್ಲಿ ರೋಗಿಗಳು ಅಂದರೆ ಮೂರ್ಛೆರೋಗ ಬಂದವರು ಮಾತ್ರ. 1,706ರಲ್ಲಿ ಶೇ 2 ಅಂದರೆ ಸುಮಾರು 34. ಅಂದರೆ ಅಷ್ಟು ದೊಡ್ಡ ಗುಂಪಿಗೂ ಮೂರೇ ಅಂಶ ಸಾಕು! ಆ ಅಧ್ಯಯನದ ಬಗ್ಗೆ ನೆಲ್ಸನ್, ಎಲೆನ್‌ಬರ್ಗ್ ಬರೆದ 1976ರ ವರದಿಯಲ್ಲಿ ಎದ್ದು ಕಂಡದ್ದೂ ಮೂರೇ: ಮೊದಲೇ ಇದ್ದ ನರದ ಅಥವಾ ಬೆಳವಣಿಗೆಯ ತೊಂದರೆ, ಜಟಿಲವಾದ ಮೊದಲ ಫಿಟ್ಸ್, ಮನೆಯವರಲ್ಲಿ ಜ್ವರವಿಲ್ಲದೆ ಬಂದ ಫಿಟ್ಸ್.

7. ತಾಯಿಗೆ ಹೇಳುವ ಹಾಗೆ ಬರೆಯಿರಿ

ಈ ಮೂರೂ ಇಲ್ಲದ ಮಕ್ಕಳಲ್ಲಿ ಮೂರ್ಛೆರೋಗ ಬಂದದ್ದು ಸಾವಿರಕ್ಕೆ 11 ಮಂದಿಗೆ. ಜ್ವರದ ಫಿಟ್ಸ್ ಬಾರದ ಮಕ್ಕಳಲ್ಲಿ ಸಾವಿರಕ್ಕೆ 5. "ಅಪಾಯ ಎರಡು ಪಟ್ಟು" ಅಂದರೆ ಸುಳ್ಳಲ್ಲ, ಆದರೆ ತಾಯಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. "ನಿಮ್ಮ ಮಗುವಿನಂಥ ಸಾವಿರ ಮಕ್ಕಳಲ್ಲಿ 989 ಮಕ್ಕಳಿಗೆ ಏಳು ವರ್ಷದವರೆಗೆ ಮೂರ್ಛೆರೋಗ ಬರಲಿಲ್ಲಮ್ಮಾ" ಅನ್ನಿ. ಬೆಳವಣಿಗೆ ಹಿಂದಿದ್ದು, ಮೊದಲ ಫಿಟ್ಸೇ ಜಟಿಲವಾಗಿದ್ದ ಮಕ್ಕಳಲ್ಲಿ ಸಾವಿರಕ್ಕೆ 92. ಆ ತಾಯಿಗೆ ಹೇಳುವ ಮಾತು ಬೇರೆ. ಹಾಗಾಗಿ ಥೀಸಿಸ್‌ನ ಟೇಬಲ್‌ನಲ್ಲಿ ಈ ಎರಡು ಬಗೆಯ ಮಕ್ಕಳನ್ನು ಒಂದೇ ಸಾಲಿಗೆ ಸೇರಿಸಬೇಡಿ.