ಹಾಲನ್ನ ಬಿಟ್ಟ ಮೇಲೆ ಮೈ ತುಂಬಿಕೊಂಡ ಚಿನ್ನಿ

ಚಿನ್ನಿಯ ಬೆನ್ನು ಸವರಿದರೆ ಮೂಳೆಗಳು ಮಣಿಸರದ ಹಾಗೆ ಕೈಗೆ ಸಿಗುತ್ತಿದ್ದವು. ಮೂರು ವರ್ಷದ ಬೆಕ್ಕು, ತೂಕ ಬರೀ 2.2 ಕಿಲೋ. ಹೊತ್ತುಹೊತ್ತಿಗೂ ಹಾಲನ್ನ ಹಾಕುತ್ತಿದ್ದೆವು. ತಪ್ಪು ಅಲ್ಲೇ ಇತ್ತು. ಬೆಕ್ಕಿಗೆ ಬೇಕಾದದ್ದು ಮಾಂಸ; ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೂ ಇಲ್ಲ.

ಡಾಕ್ಟರು ಮೊದಲು ಮಲ ಪರೀಕ್ಷೆ ಮಾಡಿಸಿ ಜಂತುಹುಳದ ಮಾತ್ರೆ ಕೊಟ್ಟರು. ಆಮೇಲೆ ಮರಿಗಳಿಗೆ ಕೊಡುವ ಕಿಟನ್ ಫುಡ್, ಅದರಲ್ಲಿ ಕ್ಯಾಲರಿ ಜಾಸ್ತಿ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಅದರ ಮೇಲೆ ಒಂದು ಚಮಚ ಬೇಯಿಸಿದ ಕೋಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಉಗುರುಬೆಚ್ಚಗೆ ಮಾಡಿಟ್ಟರೆ ಸಾಕು, ವಾಸನೆಗೇ ಓಡಿಬರುತ್ತಿದ್ದಳು!

ವಾರಕ್ಕೊಮ್ಮೆ ಅವಳನ್ನೆತ್ತಿಕೊಂಡು ತೂಕದ ಯಂತ್ರ ಹತ್ತಿ, ನನ್ನ ತೂಕ ಕಳೆಯುತ್ತಿದ್ದೆ. ಎರಡು ತಿಂಗಳಿಗೆ 2.9 ಕಿಲೋ. ಅಜ್ಜಿ ಮಾತ್ರ ಇನ್ನೂ ಹಾಲಿನ ಬಟ್ಟಲು ಹಿಡಿದು ಹಿಂದೆ ಸುತ್ತುತ್ತಾರೆ.